ಕಸದ ಬುಟ್ಟಿ ಪಕ್ಕದ ಜಾಗ

ನನ್ನ ಮಗಳಿಗೆ ಒಂಬತ್ತು ತುಂಬಿದರೂ ತನ್ನ ಹೆಸರನ್ನು ತಪ್ಪಿಲ್ಲದೆ ಬರೆಯಲು ಬರುತ್ತಿರಲಿಲ್ಲ. ನಾನೋ, ಅಕ್ಷರ ಕೂಡಿಸಿಯೇ ಅನ್ನ ತಿನ್ನುವವಳು. ತುಮಕೂರಿನ ಬಟವಾಡಿಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಬ್ಯಾನರ್ ಡಿಸೈನ್ ಮಾಡುವುದು ನನ್ನ ಕೆಲಸ. ಹುಟ್ಟುಹಬ್ಬದ ಶುಭಾಶಯ, ಗೃಹಪ್ರವೇಶ, ಭಾವಪೂರ್ಣ ಶ್ರದ್ಧಾಂಜಲಿ. ಯಾರ ಮನೆಯ ಸಾವಿನಲ್ಲೂ ಒಂದು ಕೊಂಬು, ಒಂದು ದೀರ್ಘ ತಪ್ಪಾಗದಂತೆ ಎರಡೆರಡು ಸಲ ಓದಿ ಪ್ರಿಂಟಿಗೆ ಬಿಡುತ್ತಿದ್ದೆ. ಮಗಳ ನೋಟ್‌ಬುಕ್ ತೆರೆದರೆ ಮಾತ್ರ ಪ್ರತಿ ಪುಟದಲ್ಲೂ ಕೆಂಪು ಗೀರು. ಕನ್ನಡವೂ ಅಷ್ಟೇ, ಇಂಗ್ಲಿಷೂ ಅಷ್ಟೇ. ಮಾತು ಚುರುಕಾಗಿತ್ತು. ಒಮ್ಮೆ ಕೇಳಿದ ಕತೆಯನ್ನು ಒಂದು ಮಾತೂ ಬಿಡದೆ ಹೇಳುತ್ತಿದ್ದಳು. ಅದೇ ಕತೆಯನ್ನು ಪುಸ್ತಕದಲ್ಲಿ ತೋರಿಸಿದರೆ ಕಣ್ಣು ಎಲ್ಲೋ ಹೋಗುತ್ತಿತ್ತು.

ಅವಳು ಓದುತ್ತಿದ್ದ ಇಂಗ್ಲಿಷ್ ಮೀಡಿಯಂ ಶಾಲೆ ನಮ್ಮ ಅಂಗಡಿಯ ಗಿರಾಕಿಯೂ ಹೌದು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮರುದಿನವೇ ಮಕ್ಕಳ ಪಾಸ್‌ಪೋರ್ಟ್ ಸೈಜಿನ ಫೋಟೊಗಳು ನನಗೆ ವಾಟ್ಸಾಪಿನಲ್ಲಿ ಬರುತ್ತಿದ್ದವು. ಅವರ ಮುಖ ಬೆಳ್ಳಗೆ ಮಾಡಿ, ಸಾಲಾಗಿ ಜೋಡಿಸಿ, ಮೇಲೆ ಹಳದಿ ಅಕ್ಷರದಲ್ಲಿ ‘ನೂರಕ್ಕೆ ನೂರು ಫಲಿತಾಂಶ’ ಎಂದು ಹಾಕುತ್ತಿದ್ದೆ. ಮಗಳನ್ನು ಅಲ್ಲಿಗೆ ಸೇರಿಸಿದ್ದೇ ಆ ಬ್ಯಾನರ್ ನಂಬಿ. ನಾನೇ ಮಾಡಿದ ಬ್ಯಾನರನ್ನು ನಾನೇ ನಂಬಿದ್ದೆ.

ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ಸಂಜೆ ಯೂನಿಫಾರಂ ಒಗೆಯಲು ತೆಗೆದೆ. ಲಂಗದ ಹಿಂಭಾಗಕ್ಕೆ ಏನೋ ಮೆತ್ತಿಕೊಂಡಿತ್ತು. ಮೂಗಿನ ಹತ್ತಿರ ತಂದರೆ ಕೊಳೆತ ಬಾಳೆಹಣ್ಣಿನ ವಾಸನೆ. ಅದರ ಜೊತೆ ಪೆನ್ಸಿಲ್ ಹೆರೆದ ಸಿಪ್ಪೆ, ಯಾರೋ ಅಗಿದು ಉಗಿದ ಚೂಯಿಂಗ್ ಗಮ್.

“ಎಲ್ಲ್ ಕೂತಿದ್ಯೇ ಪುಟ್ಟಿ, ಹಿಂಗ್ ಗಲೀಜಾಗಿದೆ?”

“ನನ್ ಜಾಗದಲ್ಲೇ.”

“ಬೆಂಚ್ ಮೇಲೆ ಬಾಳೆಹಣ್ಣ್ ಹೆಂಗ್ ಬಂತು?”

“ನಂದು ಬೆಂಚಲ್ಲ ಅಮ್ಮ. ಡಸ್ಟ್‌ಬಿನ್ ಪಕ್ಕ. ಬೋರ್ಡ್ ನೋಡಿ ಬೇಗ ಬರಿಯೋರು ಬೆಂಚ್ ಮೇಲೆ, ನಾನ್ ಕೆಳಗೆ.”

ರೋಲ್ ನಂಬರ್ ಹೇಳುವ ಹಾಗೆ ಹೇಳಿದಳು. ದಸರಾ ರಜೆ ಮುಗಿದಾಗಿನಿಂದ ಅವಳು ಅಲ್ಲೇ ಕೂರುತ್ತಿದ್ದಳಂತೆ. ಮಕ್ಕಳು ಕೂತಲ್ಲಿಂದಲೇ ಬುಟ್ಟಿಗೆ ಕಸ ಎಸೆಯುತ್ತಿದ್ದರಂತೆ. ಕೆಲವರದು ಗುರಿ ತಪ್ಪಿ ಇವಳ ಮೇಲೆ ಬೀಳುತ್ತಿತ್ತು, ಕೆಲವರದು ಗುರಿಯೇ ಇವಳಾಗಿದ್ದಳು. ಲಂಗವನ್ನು ಬಕೆಟ್ಟಿಗೆ ಹಾಕಿ, ಕೈಯನ್ನು ಮೂರು ಸಲ ಸೋಪು ಹಾಕಿ ತೊಳೆದುಕೊಂಡೆ. ಆಮೇಲೆ ನಾಚಿಕೆಯಾಯಿತು. ಅವಳು ತಿಂಗಳುಗಟ್ಟಲೆ ಅದರಲ್ಲೇ ಕೂತಿದ್ದಳು, ನಾನು ಒಂದು ನಿಮಿಷ ಮುಟ್ಟಿದ್ದಕ್ಕೆ ಕೈ ತೊಳೆಯುತ್ತಿದ್ದೆ.

ಮರುದಿನ ಅಂಗಡಿಗೆ ತಡವಾಗಿ ಬರುತ್ತೇನೆಂದು ಹೇಳಿ ಶಾಲೆಗೆ ಹೋದೆ. ಪ್ರಿನ್ಸಿಪಾಲ್ ಮೇಡಂ ರೂಮಿನಲ್ಲಿ ಮಲ್ಲಿಗೆ ವಾಸನೆಯ ಸ್ಪ್ರೇ ಹೊಡೆದಿದ್ದರು. ನಾನು ಹೇಳುವುದನ್ನು ಕೇಳುತ್ತಾ ಅವರು ಅಂಗೈಗೆ ಸ್ಯಾನಿಟೈಸರ್ ಹಾಕಿಕೊಂಡು ಬೆರಳ ಸಂದುಗಳನ್ನು ಉಜ್ಜಿಕೊಳ್ಳುತ್ತಿದ್ದರು.

“ನೋಡಿಮ್ಮಾ, ಇದು ಪನಿಷ್‌ಮೆಂಟ್ ಅಲ್ಲ, ಮೋಟಿವೇಶನ್. ಸ್ವಲ್ಪ ನಾಚಿಕೆ ಆದ್ರೆ ತಾನಾಗೇ ಬೇಗ ಬರೀತಾಳೆ. ಮನೇಲೂ ಕೂರ್ಸ್ಕೊಂಡು ಓದಿಸ್ಬೇಕು. ತಾಯಂದ್ರು ಡ್ಯೂಟಿ ಡ್ಯೂಟಿ ಅಂತ ಹೋಗ್ಬಿಟ್ರೆ ಮಕ್ಳು ಹಿಂಗೇ ಆಗೋದು.”

ಮೋಟಿವೇಶನ್! ಕಸದ ಪಕ್ಕ ಮಗುವನ್ನು ಕೂರಿಸಲು ಅವರಿಗೆ ಅಂಥ ನಯವಾದ ಮಾತೊಂದು ಸಿಕ್ಕಿತ್ತು. ಎದ್ದು ನಿಂತು ಬೈದು ಬರಬೇಕಿತ್ತು. ನಾನು ಮಾಡಿದ್ದೇನು? “ಥ್ಯಾಂಕ್ಸ್ ಮೇಡಂ” ಎಂದು ಹೇಳಿ ಬಾಗಿಲು ಮೆಲ್ಲಗೆ ಎಳೆದುಕೊಂಡು ಹೊರಗೆ ಬಂದೆ. ಅವರು ನಮ್ಮ ಅಂಗಡಿ ಓನರ ದೊಡ್ಡ ಗಿರಾಕಿ ಎಂಬುದು ನನ್ನ ತಲೆಯಲ್ಲಿ ಇತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ. ಆಮೇಲೆ ಅವಳನ್ನು ಕಡೇ ಬೆಂಚಿಗೆ ಏರಿಸಿದರು. ಆದರೆ ಕ್ಲಾಸಿನ ಮಕ್ಕಳು ಅವಳಿಗೆ ಡಸ್ಟ್‌ಬಿನ್ ಎಂದು ಹೆಸರಿಟ್ಟಾಗಿತ್ತು. ಅದು ಎಂಟನೇ ಕ್ಲಾಸಿನವರೆಗೂ ಹೋಗಲಿಲ್ಲ.

ಬೇರೆಯವರ ಮೇಲಷ್ಟೇ ಹೇಸಿಗೆಪಟ್ಟು ಕೂರುವ ಹಕ್ಕು ನನಗಿಲ್ಲ. ಪ್ರಿನ್ಸಿಪಾಲ್ ಹೇಳಿದಂತೆಯೇ ನಾನು ಮನೆಯಲ್ಲಿ ಕೂರಿಸಿಕೊಂಡು ಓದಿಸಲು ಶುರು ಮಾಡಿದೆ. ನನ್ನ ಗಂಡ ಕೋರ ಊರಿನ ಆಚೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಸೆಕೆಂಡ್ ಶಿಫ್ಟ್ ಇದ್ದ ವಾರ ಸಂಜೆ ನಾವಿಬ್ಬರೇ. ಒಂದು ದಿನ ‘ಅಕ್ಕ’ ಎಂದು ಬರೆಸುತ್ತಿದ್ದೆ. ಅವಳು ‘ಅಕಕ’ ಎಂದು ಬರೆದಳು. ಅಳಿಸಿ ತೋರಿಸಿದೆ. ಮತ್ತೆ ‘ಅಕಕ’. ಹತ್ತು ಸಲ ನಾನು ಬರೆದು ಅದರ ಮೇಲೆ ತಿದ್ದಿಸಿದೆ. ಪುಟ ತಿರುವಿ ಬರಿ ಎಂದರೆ ‘ಕಅ’ ಎಂದು ಬರೆದು ನನ್ನ ಮುಖ ನೋಡಿದಳು.

“ಕಣ್ಣ್ ಎಲ್ಲಿಟ್ಟಿದ್ದೀಯೇ? ಬೇಕಂತ ಆಟ ಆಡ್ತಿದ್ಯಾ ನನ್ ಹತ್ರ?”

ಪ್ಲಾಸ್ಟಿಕ್ ಸ್ಕೇಲ್ ಕೈಯಲ್ಲಿತ್ತು. ಹೊಡೆದೆ. ಒಂದಲ್ಲ. ಸ್ಕೇಲ್ ಮುರಿದ ಮೇಲೆ ಕೈಯಲ್ಲೇ ಹೊಡೆದೆ. ಅವಳು ಅಳಲಿಲ್ಲ, ಕೈ ಅಡ್ಡ ಹಿಡಿಯಲೂ ಇಲ್ಲ. ಚಾಪೆಯ ಮೇಲೆ ಅವಳು ಕೂತ ಜಾಗದಿಂದ ಒದ್ದೆ ಹರಡಿ ನನ್ನ ಕಾಲಿಗೆ ಬೆಚ್ಚಗೆ ತಾಕಿದಾಗ ನನಗೆ ಎಚ್ಚರವಾಯಿತು. ಒಂಬತ್ತು ವರ್ಷದ ಹುಡುಗಿ ನನ್ನ ಮುಂದೆ ಹೆದರಿ ಒಂದು ಮಾಡಿಕೊಂಡಿದ್ದಳು.

“ಒರೆಸ್ತೀನಿ ಅಮ್ಮ, ನಾನೇ ಒರೆಸ್ತೀನಿ,” ಎಂದು ಬಟ್ಟೆ ತರಲು ಎದ್ದಳು.

ನಾನೇ ಒರೆಸಿದೆ. ಆ ದಿನದಿಂದ ಎಷ್ಟೋ ಕಾಲ ನನ್ನ ಬಲಗೈ ನೋಡಿದರೆ ನನಗೆ ಅಸಹ್ಯವಾಗುತ್ತಿತ್ತು. ಶಾಲೆಯವರು ಅವಳನ್ನು ಕಸದ ಹತ್ತಿರ ಕೂರಿಸಿದ್ದರು. ನಾನು ಕೂರಿಸಿದ್ದು ಅದಕ್ಕಿಂತ ಕೆಟ್ಟ ಜಾಗದಲ್ಲಿ.

ಮುಂದಿನ ಬೇಸಿಗೆ ರಜೆಯಲ್ಲಿ ಗಂಡನ ಊರು ಕುಣಿಗಲ್‌ಗೆ ಹೋದೆವು. ಅತ್ತೆ ಮೊಮ್ಮಗಳ ಮಾರ್ಕ್ಸ್ ಕಾರ್ಡಿನ ಸುದ್ದಿ ಕೇಳಿದ್ದರು. ಊರಾಚೆ ಒಬ್ಬ ಔಷಧಿ ಕೊಡುತ್ತಾನೆ, ಎಂಥ ದಡ್ಡ ಮಕ್ಕಳೂ ಓದಿ ಕೆಲಸಕ್ಕೆ ಸೇರಿದ್ದಾರೆ ಎಂದರು. ಬೇಡ ಎನ್ನುವ ಧೈರ್ಯ ನನಗೂ ಇರಲಿಲ್ಲ, ಗಂಡನಿಗೂ ಇರಲಿಲ್ಲ. ಒಳಗೊಳಗೇ ಆಸೆಯೂ ಇತ್ತು.

ಔಷಧಿಯವನು ತನ್ನ ಮನೆಯ ಜಗುಲಿ ಮೇಲೆ ಕೂತು ಗುಟ್ಕಾ ಅಗಿಯುತ್ತಿದ್ದ. ಕಂಬದ ಬುಡವೆಲ್ಲ ಉಗುಳಿನ ಕೆಂಪು. ಮಗಳನ್ನು ಮುಂದೆ ಕೂರಿಸಿಕೊಂಡು ಅವಳ ನೆತ್ತಿಗೆ ಯಾವುದೋ ಸೊಪ್ಪಿನ ರಸ ಹಿಂಡಿದ. ಅದು ಹಸಿರಾಗಿ ಕಿವಿಯ ಪಕ್ಕ ಇಳಿಯಿತು. ಆಮೇಲೆ ಬಜೆ ಬೇರನ್ನು ಕಲ್ಲಿನ ಮೇಲೆ ತೇಯ್ದು, “ಬಾಯಿ ತೆಗಿ, ಸರಸ್ವತಿ ಬರೀತೀನಿ” ಎಂದ. ಅವನ ತೋರುಬೆರಳಿನ ಉಗುರಿನಲ್ಲಿ ಕಪ್ಪು ಕೊಳೆ ಕಟ್ಟಿತ್ತು. ಅದೇ ಬೆರಳನ್ನು ಮೊದಲು ತನ್ನ ಬಾಯಿಗೆ ಹಾಕಿ ದವಡೆಯಲ್ಲಿದ್ದ ಗುಟ್ಕಾ ತೆಗೆದು ಎಸೆದ. ಪಂಚೆಗೆ ಒರೆಸಿಕೊಂಡ. ತೇಯ್ದ ಬಜೆಯನ್ನು ಅದರಲ್ಲೇ ಬಳಿದುಕೊಂಡು ನನ್ನ ಮಗಳ ನಾಲಿಗೆಯ ಬುಡದವರೆಗೂ ತೂರಿಸಿ ಏನನ್ನೋ ಬರೆದ.

ಅವಳು ಅಲ್ಲೇ ವಾಂತಿ ಮಾಡಿಕೊಂಡಳು. ಬೆಳಿಗ್ಗೆ ತಿಂದ ಮುದ್ದೆ, ಸೊಪ್ಪಿನ ಸಾರು ಎಲ್ಲ ಜಗುಲಿ ಮೇಲೆ ಬಿತ್ತು. ಅವನು ನಕ್ಕ.

“ನೋಡಿದ್ರಾ? ದಡ್ತನ ಎಲ್ಲ ಆಚೆ ಬಂತು. ಇನ್ ಎರಡು ಅಮಾಸೆ ಕರ್ಕೊಂಬನ್ನಿ, ಪೂರ್ತಿ ಹೋಯ್ತದೆ.”

ನನ್ನ ಗಂಡ ಮಗಳನ್ನು ಎತ್ತಿಕೊಂಡು ಅಂಗಳಕ್ಕಿಳಿದರು. ಅತ್ತೆ ಬಯ್ಯುತ್ತಾರೆಂದು ನಾನು ಅಂದುಕೊಂಡೆ. ಅವರು ತಮ್ಮ ಸೆರಗಿನಿಂದಲೇ ಮೊಮ್ಮಗಳ ಬಾಯಿ, ಕತ್ತು, ಕಿವಿ ಒರೆಸಿದರು. “ಸಾಕು ಬುಡು, ಇವನ ಸಾವಾಸ ಬ್ಯಾಡ. ನನ್ದೇ ತಪ್ಪು ಕಣವ್ವ,” ಎಂದರು. ಆ ದಿನ ಆ ಮನೆಯಿಂದ ನಾವು ಗೆದ್ದು ತಂದದ್ದು ಅದೊಂದೇ ಮಾತು.

ಅವಳು ಐದನೇ ಕ್ಲಾಸಿಗೆ ಹೋಗುತ್ತಿದ್ದಾಗ ನಮ್ಮ ಅಂಗಡಿಗೆ ಗುಬ್ಬಿಯಿಂದ ಒಬ್ಬರು ಟೀಚರ್ ಬಂದರು. ಸಾಮಾನ್ಯ ಕಾಟನ್ ಸೀರೆ, ಕೈಯಲ್ಲಿ ಬಿಳಿ ಹಾಳೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪಾಠ ಹೇಳುವವರು, ಸರ್ಕಾರಿ ಶಾಲೆಗಳನ್ನು ಸುತ್ತುವವರು. ಗೋಡೆಗೆ ಹಾಕಲು ಒಂದು ಪೋಸ್ಟರ್ ಆಗಬೇಕಿತ್ತು. ಅವರು ಪಕ್ಕದಲ್ಲಿ ಕೂತು ಓದಿ ಹೇಳಿದರು, ನಾನು ಟೈಪ್ ಮಾಡಿದೆ. ‘ಬೋರ್ಡಿನಿಂದ ನೋಡಿ ಬರೆಯುವಾಗ ಅಕ್ಷರ ಬಿಟ್ಟುಹೋಗುವುದು.’ ಟೈಪ್ ಮಾಡಿದೆ. ‘ಒತ್ತಕ್ಷರಗಳನ್ನು ಬಿಡಿ ಅಕ್ಷರಗಳಾಗಿ ಬರೆಯುವುದು.’ ಅದನ್ನೂ ಮಾಡಿದೆ. ‘ಬಾಯಲ್ಲಿ ಸರಿಯಾಗಿ ಉತ್ತರ ಹೇಳಿದರೂ ಬರವಣಿಗೆಯಲ್ಲಿ ಹೇಳಲಾಗದಿರುವುದು. ಇದು ದಡ್ಡತನವಲ್ಲ.’ ಅಲ್ಲಿಗೆ ನನ್ನ ಬೆರಳು ನಿಂತುಬಿಟ್ಟಿತು.

“ಯಾಕಮ್ಮ, ಸ್ಪೆಲ್ಲಿಂಗ್ ಡೌಟಾ?” ಎಂದರು.

“ಅಲ್ಲ ಮೇಡಂ. ಇದು ನನ್ ಮಗಳು.”

ಅವರು ಹಾಳೆಯನ್ನು ಪಕ್ಕಕ್ಕಿಟ್ಟು, “ಶನಿವಾರ ಕರ್ಕೊಂಡ್ ಬನ್ನಿ ಗುಬ್ಬಿಗೆ. ಅಲ್ಲೀವರ್ಗೂ ಹೊಡಿಬೇಡಿ,” ಎಂದರು. ಹೊಡೆದೆನೆಂದು ನಾನು ಹೇಳಿರಲಿಲ್ಲ.

ಆಮೇಲೆ ಜಿಲ್ಲಾಸ್ಪತ್ರೆ, ಅಲ್ಲಿಂದ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆ. ಡಾಕ್ಟರ್‌ಗಳು ಗಂಟೆಗಟ್ಟಲೆ ಮಗಳ ಕೈಲಿ ಓದಿಸಿದರು, ಬರೆಸಿದರು, ಚಿತ್ರ ಜೋಡಿಸಲು ಕೊಟ್ಟರು. ಬುದ್ಧಿ ಚೆನ್ನಾಗಿಯೇ ಇದೆ, ಕಲಿಕೆಯ ತೊಂದರೆ ಇದೆ, ಅದೂ ತೀವ್ರವಾಗಿ ಎಂದು ಬರೆದುಕೊಟ್ಟರು. ಆ ಹಾಳೆ ಹಿಡಿದು ಬಸ್ಸಿನಲ್ಲಿ ಬರುವಾಗ ನನಗೆ ಸಮಾಧಾನ ಆಗಲಿಲ್ಲ. ಇಷ್ಟು ವರ್ಷ ಅವಳಿಗೆ ಬಿದ್ದ ಒಂದೊಂದು ಏಟೂ ಕಣ್ಣ ಮುಂದೆ ಬಂತು.

ಪ್ರತಿ ಶನಿವಾರ ಮಧ್ಯಾಹ್ನ ಗುಬ್ಬಿ ಬಸ್ ಹತ್ತುತ್ತಿದ್ದೆವು. ಟೀಚರ್ ತಟ್ಟೆಯಲ್ಲಿ ಮರಳು ಹರಡಿ ಅಕ್ಷರವನ್ನು ಬೆರಳಿನಿಂದ ಬರೆಸುತ್ತಿದ್ದರು, ಬರೆಯುವಾಗ ಬಾಯಲ್ಲೂ ಹೇಳಿಸುತ್ತಿದ್ದರು. ಅಕ್ಷರ ಕೈಗೆ ಗೊತ್ತಾದರೆ ಕಣ್ಣಿಗೂ ನಿಧಾನವಾಗಿ ಗೊತ್ತಾಗುತ್ತದೆ ಎನ್ನುತ್ತಿದ್ದರು. ನಮ್ಮ ಅಂಗಡಿಯಲ್ಲಿ ನಾಮಫಲಕಕ್ಕೆ ಸನ್‌ಬೋರ್ಡ್ ಎಂಬ ದಪ್ಪ ಫೋಮ್ ಹಲಗೆಯಲ್ಲಿ ಅಕ್ಷರ ಕತ್ತರಿಸುವುದಿತ್ತು. ಉಳಿದ ಚೂರುಗಳಲ್ಲಿ ನಾನು ಅಂಗೈ ಅಗಲದ ಅಕ್ಷರಗಳನ್ನು ಕತ್ತರಿಸಿದೆ. ಒತ್ತುಗಳನ್ನು ಬೇರೆಯಾಗಿ ಕತ್ತರಿಸಿ ಕೆಂಪು ಬಣ್ಣ ಬಳಿದೆ. ಅವಳು ಕಣ್ಣು ಮುಚ್ಚಿ ಸವರಿ ಹೇಳುತ್ತಿದ್ದಳು. ಕ. ‘ಕ’ದ ಕೆಳಗೆ ‘ಕ’ದ ಒತ್ತು.

“ಮಿಸ್, ಈ ಕೆಂಪಂದು ನನ್ ಥರ ಕೆಳಗ್ ಕೂತಿದೆ,” ಎಂದಳು ಒಂದು ಶನಿವಾರ, ಅದನ್ನು ಟೀಚರಿಗೆ ತೋರಿಸಿ.

“ಕೆಳಗ್ ಕೂತ್ರೂ ಓದ್ಲೇಬೇಕು ಕಣಮ್ಮಾ. ಅದನ್ ಬಿಟ್ರೆ ಪದಾನೇ ಕೆಟ್ಟೋಗ್ತದೆ,” ಎಂದರು ಟೀಚರ್, ತಲೆ ಎತ್ತದೆ, ಮರಳು ಸಮ ಮಾಡುತ್ತಾ.

ಒಂದು ವರ್ಷಕ್ಕೆ ಒತ್ತಿಲ್ಲದ ಪದಗಳು ಬಂದವು. ಎರಡು ವರ್ಷಕ್ಕೆ ಒತ್ತಕ್ಷರ ಇರುವ ಸಣ್ಣ ವಾಕ್ಯ. ನಡುವೆ ಎಷ್ಟೋ ಸಲ, ಬಂದದ್ದೆಲ್ಲ ಹೋಗಿಬಿಟ್ಟಿತು ಅನ್ನಿಸಿ ಬಚ್ಚಲಿನಲ್ಲಿ ಕೂತು ಅತ್ತಿದ್ದೇನೆ. ಹೊಡೆಯಲಿಲ್ಲ. ಅದಷ್ಟನ್ನು ಹೇಳಿಕೊಳ್ಳಬಹುದು.

ಆಸ್ಪತ್ರೆಯ ಹಾಳೆಯನ್ನು ಶಾಲೆಗೂ ಕೊಟ್ಟಿದ್ದೆ. ಅದು ಯಾವ ಫೈಲಿನಲ್ಲಿ ಹೂತುಹೋಯಿತೋ, ಎಂಟನೇ ಕ್ಲಾಸಿನ ಪರೀಕ್ಷೆ ಮುಗಿಯುವವರೆಗೂ ಒಬ್ಬರೂ ಅದರ ಮಾತೆತ್ತಲಿಲ್ಲ. ಪರೀಕ್ಷೆ ಮುಗಿದ ಮೇಲೆ ನನ್ನನ್ನೂ ಗಂಡನನ್ನೂ ಕರೆಸಿದರು. ಅದೇ ರೂಮು, ಅದೇ ಮಲ್ಲಿಗೆ ವಾಸನೆ.

“ನೈಂತ್‌ಗೆ ಇಲ್ಲಿ ಕಷ್ಟ. ಟಿಸಿ ತಗೊಂಡು ಬೇರೆ ಕಡೆ ಸೇರಿಸ್ಬಿಡಿ. ಮಗೂಗೂ ಒಳ್ಳೇದು,” ಎಂದರು ಪ್ರಿನ್ಸಿಪಾಲ್.

ನಾನು ಹಾಳೆಯ ಜೆರಾಕ್ಸ್ ಮುಂದಿಟ್ಟೆ. “ಪರೀಕ್ಷೇಲಿ ಓದಿ ಹೇಳೋಕೆ, ಬರಿಯೋಕೆ ಜನ ಕೊಡ್ತಾರೆ ಮೇಡಂ. ಟೈಮೂ ಜಾಸ್ತಿ ಕೊಡ್ತಾರೆ. ಅವಳು ಪಾಸ್ ಆಗ್ತಾಳೆ.”

ಅವರು ಅದನ್ನು ಕೈಯಲ್ಲಿ ಮುಟ್ಟಲಿಲ್ಲ. ಪೆನ್ನಿನ ತುದಿಯಿಂದ ನನ್ನ ಕಡೆಗೇ ತಳ್ಳಿದರು, ಸತ್ತ ಜಿರಲೆ ತಳ್ಳುವ ಹಾಗೆ. “ಇದನ್ನೆಲ್ಲ ಇಲ್ಲಿ ತೋರಿಸ್ಬೇಡಿ. ಬೇರೆ ಪೇರೆಂಟ್ಸ್ ಏನಂದ್ಕೋತಾರೆ? ಒಂದ್ ಮಗುವಿಂದ ನಮ್ ರಿಸಲ್ಟ್ ಹೋದ್ರೆ ಯಾರು ಜವಾಬ್ದಾರಿ?”

ಆಗ ನನಗೆ ಹೊಳೆಯಿತು. ವರ್ಷ ವರ್ಷ ನಾನು ಜೋಡಿಸುತ್ತಿದ್ದ ಮುಖಗಳು ಹತ್ತನೆಯವರೆಗೆ ಅಲ್ಲಿ ಉಳಿಯಲು ಬಿಟ್ಟವರ ಮುಖಗಳು. ಇಂಥ ರೂಮಿನಿಂದ ಹೊರಗೆ ಕಳಿಸಿದ ಮಕ್ಕಳ ಫೋಟೊ ನನಗೆ ಎಂದೂ ಬಂದಿರಲಿಲ್ಲ. ಅವರನ್ನು ಕಳೆದು ನೂರಕ್ಕೆ ನೂರು. ಅದನ್ನು ಊರಿಗೆಲ್ಲ ಸಾರಿದ್ದು ನನ್ನ ಕೈ.

ನಮ್ಮ ಸ್ವಂತ ಇಚ್ಛೆಯಿಂದ ಬಿಡಿಸುತ್ತಿದ್ದೇವೆ ಎಂಬ ಪತ್ರವನ್ನು ಅವರೇ ಮೊದಲೇ ಟೈಪ್ ಮಾಡಿಸಿಟ್ಟಿದ್ದರು. ಸಹಿಯಷ್ಟೇ ಬಾಕಿ. ನಾನು ಹಾಕಲ್ಲ ಎಂದೆ. ‘ಶಾಲೆಯವರು ಹೇಳಿದ್ದರಿಂದ’ ಎಂದು ಬರೆಯುತ್ತೇನೆ ಎಂದೆ. ಹಾಗಾದರೆ ಟಿಸಿ ಯಾವಾಗ ಸಿಗುತ್ತದೋ ಹೇಳಲಾಗದು ಎಂದರು. ಹೊರಗಿನ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂತೆವು. ಕೊನೆಗೆ ನನ್ನ ಗಂಡ ಒಳಗೆ ಹೋಗಿ ಸಹಿ ಹಾಕಿ ಬಂದರು.

“ಯಾಕ್ರೀ ಹಾಕಿದ್ರಿ?”

“ಸತ್ಯ ಗೆಲ್ಲೋವರ್ಗೂ ನಮ್ ಹುಡ್ಗೀನ ಈ ಕೊಚ್ಚೇಲಿ ಕೂರ್ಸ್ಬೇಕೇನೇ? ಬಾ ಹೋಗನ.”

ಅವರು ಹೇಳಿದ್ದು ಸರಿಯೋ ತಪ್ಪೋ ನನಗೆ ಇವತ್ತಿಗೂ ತೀರ್ಮಾನ ಮಾಡಲಾಗಿಲ್ಲ. ಆ ಶಾಲೆಯ ಕಡತದಲ್ಲಿ ನನ್ನ ಮಗಳು ಸ್ವಂತ ಇಚ್ಛೆಯಿಂದ ಬಿಟ್ಟವಳು.

ಗುಬ್ಬಿಯ ಸರ್ಕಾರಿ ಹೈಸ್ಕೂಲಿನ ಹೆಡ್‌ಮಾಸ್ಟರ್ ಜೊತೆ ಟೀಚರ್ ಮಾತಾಡಿದರು. ಮನೆಯನ್ನೂ ಅಲ್ಲಿಗೇ ಬದಲಾಯಿಸಿದೆವು. ನಾನು ದಿನಾ ಬಸ್ಸಿನಲ್ಲಿ ಬಟವಾಡಿಗೆ ಬಂದು ಹೋಗುತ್ತಿದ್ದೆ. ಅದೇ ಮೇ ತಿಂಗಳು ಹಳೇ ಶಾಲೆಯ ಫೋಟೊಗಳು ಅಂಗಡಿಗೆ ಬಂದವು. ನಾನು ಮಾಡಲ್ಲ ಎಂದು ಓನರಿಗೆ ಹೇಳಿದೆ. ಅವರು ಕೆಟ್ಟವರಲ್ಲ. “ನಿನ್ ಸಂಕಟ ಗೊತ್ತಮ್ಮ. ಆದ್ರೆ ಡಿಸೈನಿಗೆ ಇನ್ಯಾರಿದಾರೆ ಹೇಳು,” ಎಂದರು. ನಾನು ಮಾಡಿದೆ. ಮುಖಗಳನ್ನು ಬೆಳ್ಳಗೆ ಮಾಡಿದೆ, ಹಳದಿ ಅಕ್ಷರ ಹಾಕಿದೆ, ಎಂದಿನಂತೆ ಎರಡು ಸಲ ಓದಿ ತಪ್ಪಿಲ್ಲವೆಂದು ನೋಡಿದೆ. ಮಿಷಿನ್ನಿನಿಂದ ಅದು ಇಂಕಿನ ಘಾಟಿನ ಜೊತೆ ಇಂಚಿಂಚಾಗಿ ಹೊರಗೆ ಬರುತ್ತಿದ್ದಾಗ ಎದ್ದು ಹೋಗಿ ಚರಂಡಿ ಹತ್ತಿರ ಓಕರಿಸಿದೆ.

ಆ ವಾರ ಮಗಳಿಗೆ ಕಣ್ಣು ತೋರಿಸಲು ತುಮಕೂರಿಗೆ ಕರೆದುಕೊಂಡು ಬಂದಿದ್ದೆ. ಸಿಗ್ನಲ್ಲಿನಲ್ಲಿ ಆಟೊ ನಿಂತಿತು. ಅವಳು ಮೇಲೆ ನೋಡುತ್ತಾ ಗಾಳಿಯಲ್ಲಿ ಬೆರಳಾಡಿಸತೊಡಗಿದಳು. “ನೂ... ರ... ಕ್ಕೆ. ನೂರಕ್ಕೆ! ನೂ... ರು. ನೂರಕ್ಕೆ ನೂರು. ಒತ್ತಿರೋದನ್ನೂ ಓದ್ದೆ ನೋಡಮ್ಮ!” ಅವಳ ಮುಖ ಅರಳಿತ್ತು. “ಇದು ನಮ್ ಹಳೇ ಸ್ಕೂಲಿಂದಲ್ವಾ? ನೀನೇ ಮಾಡಿದ್ದಾ?”

“ಹ್ಞೂಂ.”

“ಅಕ್ಷರ ಚೆನ್ನಾಗ್ ದೊಡ್ದಾಗಿದೆ,” ಎಂದಳು.

ಅವಳನ್ನು ತಬ್ಬಿಕೊಳ್ಳಬೇಕೋ ಆಟೊದಿಂದ ಇಳಿದು ಓಡಬೇಕೋ ತಿಳಿಯಲಿಲ್ಲ. ಆ ಕೆಲಸ ಬಿಡಲು ನನಗೆ ಇನ್ನೂ ಎಂಟು ತಿಂಗಳು ಬೇಕಾಯಿತು. ಈಗ ಗುಬ್ಬಿಯಲ್ಲೇ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುತ್ತೇನೆ.

ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಅವಳಿಗೆ ಪ್ರಶ್ನೆ ಓದಿ ಹೇಳಲು, ಹೇಳಿದ್ದನ್ನು ಬರೆಯಲು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿಯನ್ನು ಕೊಟ್ಟರು. ಸಮಾಜ ವಿಜ್ಞಾನದಲ್ಲಿ ಚೆನ್ನಾಗಿ ಮಾಡಿದಳು. ಗಣಿತ ಹೋಯಿತು. ಮತ್ತೆ ಕಟ್ಟಿ ಪಾಸಾದಳು. ಅತ್ತೆ ಕುಣಿಗಲ್‌ನಿಂದ ರವೆಉಂಡೆ ಮಾಡಿ ತಂದರು. ಎಲ್ಲ ಒಳ್ಳೆಯದಾಯಿತಲ್ಲ, ಇನ್ನು ಮರೆತುಬಿಡು ಎಂದು ನೆಂಟರು ಹೇಳುತ್ತಾರೆ. ಮರೆಯುವುದು ಹೇಗೆ? ಆ ರೂಮಿನಲ್ಲಿ ಅದೇ ಪತ್ರ ಇನ್ಯಾರದೋ ಮುಂದೆ ಇರಬಹುದು.

ಈಗ ಅವಳು ಪಿಯುಸಿ ಮೊದಲನೇ ವರ್ಷ, ಆರ್ಟ್ಸ್. ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ಕೇಳುತ್ತಾ ಕಲಿಯುತ್ತಾಳೆ. ಹೋದ ತಿಂಗಳು ಇಬ್ಬರು ಲೆಕ್ಚರರ್‌ಗಳು ಕ್ಲಾಸಿನಲ್ಲಿ ಫೋನ್ ಇಡಬಾರದೆಂದು ಗದರಿದರಂತೆ. ಇವಳು ಆಸ್ಪತ್ರೆಯ ಹಾಳೆಯ ಜೆರಾಕ್ಸ್ ತೆಗೆದುಕೊಂಡು ತಾನೇ ಕಾಲೇಜಿನ ಪ್ರಿನ್ಸಿಪಾಲರ ಹತ್ತಿರ ಹೋಗಿದ್ದಾಳೆ. ನನಗೆ ಗೊತ್ತಾದದ್ದು ವಾರ ಕಳೆದ ಮೇಲೆ, ಅವಳ ಗೆಳತಿಯ ಬಾಯಿಂದ.

“ನನಗ್ಯಾಕ್ ಹೇಳ್ಲಿಲ್ವೇ?” ಎಂದು ಕೇಳಿದೆ.

“ನೀನ್ ಬಂದಿದ್ರೆ ಅಳ್ತಿದ್ದೆ. ಅವ್ರು ನಿನ್ನ ಸಮಾಧಾನ ಮಾಡ್ಕೊಂಡ್ ಕೂರ್ತಿದ್ರು. ನನ್ ವಿಷ್ಯ ಅಲ್ಲೇ ಇರ್ತಿತ್ತು,” ಎಂದಳು.

ಒಬ್ಬರು ಲೆಕ್ಚರರ್ ರೆಕಾರ್ಡ್ ಮಾಡಲು ಒಪ್ಪಿದ್ದಾರೆ. ಹಿಸ್ಟರಿಯವರು ಇನ್ನೂ ಒಪ್ಪಿಲ್ಲ. ಸೋಮವಾರ ಮತ್ತೆ ಹೋಗಿ ಕೇಳುತ್ತಾಳಂತೆ.